ಅಂಗವಿಕಲ ಬೀದಿ ನಾಯಿಮರಿಯ ರಕ್ಷಣೆ ಮತ್ತು ಪಾಲನೆ: ಕೊಪ್ಪಳ ಜಿಲ್ಲೆಯವರಿಗೆ ಕೈಪಿಡಿ

ಅಪಘಾತ, ರೋಗ, ಪೋಷಕಾಂಶದ ಕೊರತೆ ಅಥವಾ ಹುಟ್ಟಿನಿಂದ ಬಂದ ದೋಷದಿಂದಾಗಿ ನಡೆಯಲು, ನಿಲ್ಲಲು ಅಥವಾ ನೋಡಲು ಆಗದ ಬೀದಿ ನಾಯಿಮರಿಯನ್ನು ಅಪಾಯದಿಂದ ಪಾರುಮಾಡಿ, ಚಿಕಿತ್ಸೆ ಕೊಡಿಸಿ, ಅದು ನೋವಿಲ್ಲದೆ ಬದುಕುವ ವ್ಯವಸ್ಥೆ ಮಾಡುವುದಕ್ಕೆ ರಕ್ಷಣೆ ಮತ್ತು ಪಾಲನೆ ಎನ್ನುತ್ತಾರೆ. ರಕ್ಷಣೆ ಒಂದು ದಿನದ ಕೆಲಸ. ಪಾಲನೆ ತಿಂಗಳುಗಳ, ಕೆಲವೊಮ್ಮೆ ಹತ್ತು-ಹನ್ನೆರಡು ವರ್ಷಗಳ ಕೆಲಸ. ಮರಿಯನ್ನು ಎತ್ತಿಕೊಂಡು ಬಂದ ಉತ್ಸಾಹ ಇಳಿದ ಮೇಲೆ ಯಾರು ನೋಡಿಕೊಳ್ಳುತ್ತಾರೆ ಎಂಬ ಪ್ರಶ್ನೆಗೆ ಉತ್ತರವಿಲ್ಲದಿದ್ದರೆ, ಮೊದಲ ದಿನ ತೋರಿದ ದಯೆ ಎರಡನೇ ವಾರದಲ್ಲಿ ನಿಂತುಹೋಗುತ್ತದೆ. ಕೊಪ್ಪಳ, ಗಂಗಾವತಿ, ಕುಷ್ಟಗಿ ಮತ್ತು ಯಲಬುರ್ಗಾ ಭಾಗದ ಕುಟುಂಬಗಳು ಇಂಥ ಸಂದರ್ಭದಲ್ಲಿ ಏನು ಮಾಡಬೇಕು, ಏನು ಮಾಡಬಾರದು ಎಂಬ ಮಾಹಿತಿ ಇಲ್ಲಿದೆ.

ಜಿಲ್ಲೆಯ ಸನ್ನಿವೇಶ

ನಮ್ಮ ನಾಡಿನಲ್ಲಿ ಬೀದಿ ನಾಯಿಗಳು ಹೆಚ್ಚಾಗಿ ಮಳೆಗಾಲ ಕಳೆದ ಮೇಲಿನ ತಿಂಗಳುಗಳಲ್ಲಿ ಮರಿ ಹಾಕುತ್ತವೆ. ಆ ಮರಿಗಳು ಓಡಾಡಲು ಕಲಿಯುವ ಹೊತ್ತಿಗೆ ರಸ್ತೆಗೆ ಇಳಿಯುತ್ತವೆ. ಕೊಪ್ಪಳ ನಗರವನ್ನು ಗದಗ ಮತ್ತು ಹೊಸಪೇಟೆಗೆ ಜೋಡಿಸುವ ರಾಷ್ಟ್ರೀಯ ಹೆದ್ದಾರಿ 67, ಕುಷ್ಟಗಿಯ ಮೂಲಕ ಹೋಗುವ ರಾಷ್ಟ್ರೀಯ ಹೆದ್ದಾರಿ 50 ಇವೆರಡರಲ್ಲೂ ಭಾರಿ ವಾಹನಗಳ ಸಂಚಾರ ಹೆಚ್ಚು. ಗಂಗಾವತಿಯಲ್ಲಿ ಭತ್ತದ ಸುಗ್ಗಿಯ ಹೊತ್ತಿಗೆ ರೈಸ್ ಮಿಲ್‌ಗಳ ಮುಂದೆ ಲಾರಿ, ಟ್ರ್ಯಾಕ್ಟರ್‌ಗಳು ಸಾಲುಗಟ್ಟುತ್ತವೆ. ಮರಿಗಳು ನೆರಳಿಗಾಗಿ ಗಾಲಿಗಳ ಕೆಳಗೆ ಮಲಗುತ್ತವೆ. ಗಾಡಿ ತೆಗೆಯುವ ಮುನ್ನ ಒಮ್ಮೆ ಬಗ್ಗಿ ನೋಡುವ, ಗಾಲಿಯನ್ನು ತಟ್ಟುವ ಅಭ್ಯಾಸ ಚಾಲಕರಲ್ಲಿ ಬೆಳೆದರೆ ಎಷ್ಟೋ ಮರಿಗಳ ಬೆನ್ನು ಮುರಿಯುವುದಿಲ್ಲ.

ಬೇಸಿಗೆ ಇನ್ನೊಂದು ಅಪಾಯ. ಇಲ್ಲಿ ಏಪ್ರಿಲ್-ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ. ನಡೆಯಬಲ್ಲ ಮರಿ ನೆರಳಿಗೆ ಹೋಗುತ್ತದೆ. ಹಿಂಗಾಲು ಬಿದ್ದ ಮರಿ ಬಿಸಿಲು ಬಂದ ಜಾಗದಲ್ಲೇ ಉಳಿಯುತ್ತದೆ. ಹೀಗಾಗಿ ಅಂಗವಿಕಲ ಮರಿಯ ವಿಷಯದಲ್ಲಿ ‘ನಾಳೆ ನೋಡೋಣ’ ಎನ್ನುವುದಕ್ಕೆ ಅವಕಾಶ ಕಡಿಮೆ.

ವೈಕಲ್ಯಕ್ಕೆ ಮುಖ್ಯ ಕಾರಣಗಳು

ರಸ್ತೆ ಅಪಘಾತ: ಕಾಲಿನ ಮೂಳೆ, ಸೊಂಟದ ಮೂಳೆ ಅಥವಾ ಬೆನ್ನುಮೂಳೆಗೆ ಪೆಟ್ಟು. ಬೆನ್ನುಹುರಿಗೆ ಏಟು ಬಿದ್ದರೆ ಹಿಂಗಾಲುಗಳ ಜೊತೆಗೆ ಮಲಮೂತ್ರದ ಹತೋಟಿಯೂ ತಪ್ಪಬಹುದು.

ಡಿಸ್ಟೆಂಪರ್: ವೈರಸ್‌ನಿಂದ ಬರುವ ಈ ರೋಗದಲ್ಲಿ ಮೊದಲು ಜ್ವರ, ಕಣ್ಣು-ಮೂಗಿನಿಂದ ಕೀವು, ಭೇದಿ ಕಾಣಿಸುತ್ತವೆ. ಮುಂದೆ ಕೆಲವು ಮರಿಗಳಲ್ಲಿ ಸ್ನಾಯು ಒಂದೇ ಸಮನೆ ಮಿಡಿಯುವುದು, ಫಿಟ್ಸ್, ಲಕ್ವ ಉಂಟಾಗುತ್ತವೆ. ಬದುಕಿ ಉಳಿದ ಮರಿಗೆ ಸ್ನಾಯು ಮಿಡಿತ ಜೀವನಪೂರ್ತಿ ಇರಬಹುದು. ಈ ರೋಗ ಬೇರೆ ನಾಯಿಗಳಿಗೆ ಹರಡುತ್ತದೆ, ಮನುಷ್ಯರಿಗೆ ಬರುವುದಿಲ್ಲ.

ಈಜುಮರಿ ದೋಷ: ಕೆಲವು ಮರಿಗಳು ಮೂರು ವಾರವಾದರೂ ಎದ್ದು ನಿಲ್ಲದೆ, ಕಪ್ಪೆಯಂತೆ ಕಾಲು ಅಗಲಿಸಿ ನೆಲಕ್ಕೆ ಅಂಟಿಕೊಂಡಿರುತ್ತವೆ. ಎದೆ ಚಪ್ಪಟೆಯಾಗುತ್ತದೆ. ಬೇಗ ಗುರುತಿಸಿ, ವೈದ್ಯರು ಹೇಳಿದಂತೆ ಕಾಲುಗಳಿಗೆ ಮೆದುವಾದ ಪಟ್ಟಿ ಕಟ್ಟಿ ವ್ಯಾಯಾಮ ಮಾಡಿಸಿದರೆ ಬಹಳಷ್ಟು ಮರಿಗಳು ಕೆಲವೇ ವಾರಗಳಲ್ಲಿ ನಡೆಯುತ್ತವೆ.

ಕ್ಯಾಲ್ಸಿಯಂ ಕೊರತೆ: ಬರೀ ಅನ್ನ ಅಥವಾ ಬರೀ ರೊಟ್ಟಿ ತಿಂದು ಬೆಳೆಯುವ ಮರಿಗಳ ಮೂಳೆ ಮೆದುವಾಗಿ ಕಾಲು ಸೊಟ್ಟಗಾಗುತ್ತದೆ. ಸಣ್ಣ ಪೆಟ್ಟಿಗೂ ಮೂಳೆ ಮುರಿಯಬಹುದು. ಆರಂಭದಲ್ಲೇ ಆಹಾರ ಸರಿಪಡಿಸಿದರೆ ಸುಧಾರಣೆ ಸಾಧ್ಯ.

ಎತ್ತಿಕೊಳ್ಳುವ ಮುನ್ನ

ಒಂಟಿಯಾಗಿ ಕಂಡ ಪ್ರತಿ ಮರಿಯೂ ಅನಾಥವಲ್ಲ. ತಾಯಿ ಆಹಾರ ಹುಡುಕಲು ಹೋಗಿರಬಹುದು. ಗಾಯವಿಲ್ಲದ, ಬೆಚ್ಚಗಿರುವ ಮರಿಯಾದರೆ ದೂರದಲ್ಲಿ ನಿಂತು ಒಂದೆರಡು ಗಂಟೆ ಕಾಯುವುದು ಒಳ್ಳೆಯದು. ರಕ್ತ ಬರುತ್ತಿದ್ದರೆ, ಕಾಲು ಎಳೆಯುತ್ತಿದ್ದರೆ, ಮೈ ತಣ್ಣಗಾಗಿದ್ದರೆ ಕಾಯಬಾರದು.

ವಯಸ್ಸನ್ನು ಅಂದಾಜು ಮಾಡಲು ಕಣ್ಣು ನೋಡಬೇಕು. ಹುಟ್ಟಿದ 10ರಿಂದ 14 ದಿನಗಳಲ್ಲಿ ಕಣ್ಣು ತೆರೆಯುತ್ತದೆ. ಸುಮಾರು 3 ವಾರಕ್ಕೆ ಹಲ್ಲು ಮೂಡಿ ಮರಿ ತೂರಾಡುತ್ತ ನಡೆಯುತ್ತದೆ. ಎರಡು ವಾರದ ಮರಿ ನಡೆಯದಿರುವುದು ಸಹಜ. ಐದು ವಾರದ ಮರಿ ನಡೆಯದಿದ್ದರೆ ತೊಂದರೆ ಇದೆ ಎಂದರ್ಥ.

ಕೈಗೆತ್ತಿಕೊಳ್ಳುವ ಮುನ್ನವೇ ಮೂರು ಪ್ರಶ್ನೆಗಳಿಗೆ ಉತ್ತರ ಕಂಡುಕೊಳ್ಳಬೇಕು. ಇಂದು ರಾತ್ರಿ ಮರಿ ಎಲ್ಲಿರುತ್ತದೆ? ನಾಳೆ ಆಸ್ಪತ್ರೆಗೆ ಯಾರು ಒಯ್ಯುತ್ತಾರೆ? ಮೂರು ತಿಂಗಳ ನಂತರವೂ ನಡೆಯದಿದ್ದರೆ ಯಾರ ಮನೆಯಲ್ಲಿರುತ್ತದೆ? ಮೂರನೆಯದಕ್ಕೆ ಆ ಕ್ಷಣದಲ್ಲಿ ಉತ್ತರ ಸಿಗದಿದ್ದರೂ ಮೊದಲೆರಡಕ್ಕೆ ಸಿಗಲೇಬೇಕು.

ಮೊದಲ ಒಂದು ಗಂಟೆ

ನೋವಿನಲ್ಲಿರುವ ಮರಿ ಸಾಧುವಾದರೂ ಕಚ್ಚುತ್ತದೆ. ದಪ್ಪ ಟವೆಲ್ ಹೊದಿಸಿ ಎತ್ತಬೇಕು. ಬಾಯಿಗೆ ಬಟ್ಟೆಪಟ್ಟಿ ಕಟ್ಟುವುದಾದರೆ ಉಸಿರಾಟ ಸರಿಯಿರಬೇಕು, ವಾಂತಿ ಆಗುತ್ತಿರಬಾರದು.

ಬೆನ್ನಿಗೆ ಪೆಟ್ಟಾಗಿದೆ ಎಂಬ ಅನುಮಾನವಿದ್ದರೆ ಕಾಲು ಅಥವಾ ಕತ್ತು ಹಿಡಿದು ಎತ್ತಬಾರದು. ಹಲಗೆ, ಗಟ್ಟಿ ರಟ್ಟು ಅಥವಾ ದೊಡ್ಡ ತಟ್ಟೆಯ ಮೇಲೆ ಮೆಲ್ಲಗೆ ಸರಿಸಿ, ಅಲುಗದಂತೆ ಟವೆಲ್‌ನಿಂದ ಸುತ್ತಿ ಸಾಗಿಸಬೇಕು. ರಕ್ತ ಬರುತ್ತಿದ್ದರೆ ಶುದ್ಧ ಬಟ್ಟೆಯಿಂದ ಒತ್ತಿ ಹಿಡಿಯಬೇಕು. ಮುರಿದ ಕಾಲನ್ನು ಮನೆಯಲ್ಲಿ ಎಳೆದು ನೇರ ಮಾಡುವ ಸಾಹಸ ಬೇಡ.

ಎಳೆಯ ಮರಿ ತಣ್ಣಗಾಗಿದ್ದರೆ ಮೊದಲು ಬೆಚ್ಚಗೆ ಮಾಡಬೇಕು, ಹಾಲು ಆಮೇಲೆ. ಬಿಸಿನೀರಿನ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ಪಕ್ಕದಲ್ಲಿಡಬಹುದು. ತಣ್ಣಗಾದ ಮರಿಗೆ ಹಾಲು ಜೀರ್ಣವಾಗುವುದಿಲ್ಲ. ಪ್ರಜ್ಞೆ ಇಲ್ಲದ ಮರಿಯ ಬಾಯಿಗೆ ನೀರು ಹಾಕಿದರೆ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ.

ಮನೆಯಲ್ಲಿರುವ ನೋವಿನ ಮಾತ್ರೆಗಳನ್ನು ಕೊಡಲೇಬಾರದು. ಪ್ಯಾರಾಸಿಟಮಾಲ್, ಐಬುಪ್ರೊಫೆನ್, ಡೈಕ್ಲೊಫೆನಾಕ್ ನಾಯಿಗಳ ಹೊಟ್ಟೆ, ಮೂತ್ರಪಿಂಡ, ಯಕೃತ್ತಿಗೆ ಮಾರಕವಾಗಬಲ್ಲವು. ಗಾಯದಲ್ಲಿ ಹುಳು ಬಿದ್ದಿದ್ದರೆ ಚಿಮಣಿ ಎಣ್ಣೆ, ಫಿನೈಲ್ ಸುರಿಯುವ ರೂಢಿಯೂ ತಪ್ಪು. ಅದು ಮರಿಯ ಚರ್ಮವನ್ನು ಸುಡುತ್ತದೆ. ಹುಳು ತೆಗೆಯುವ ಕೆಲಸ ವೈದ್ಯರಿಗೆ ಬಿಟ್ಟದ್ದು.

ಕಚ್ಚಿದರೆ, ಪರಚಿದರೆ

ಮರಿ ಎಂಬ ಕಾರಣಕ್ಕೆ ರೇಬಿಸ್ ಭಯವಿಲ್ಲ ಎಂದುಕೊಳ್ಳಬಾರದು. ಹಲ್ಲು ಅಥವಾ ಉಗುರು ತಾಗಿ ಚರ್ಮ ತರಚಿದರೂ, ಗಾಯವಿದ್ದ ಜಾಗಕ್ಕೆ ಜೊಲ್ಲು ತಾಗಿದರೂ ಆ ಜಾಗವನ್ನು ಸೋಪು ಮತ್ತು ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅದೇ ದಿನ ಸರಕಾರಿ ಆಸ್ಪತ್ರೆಗೆ ಹೋಗಬೇಕು. ಗಾಯಕ್ಕೆ ಅರಿಶಿನ, ಸುಣ್ಣ, ಖಾರದಪುಡಿ ಹಚ್ಚಬಾರದು. ಚರ್ಮದೊಳಗೆ ಕೊಡುವ ಲಸಿಕೆಯನ್ನು 0, 3, 7 ಮತ್ತು 28ನೇ ದಿನ ಪಡೆಯಬೇಕು. ರಕ್ತ ಬಂದ ಗಾಯವಾದರೆ ಅದರ ಜೊತೆಗೆ ಇಮ್ಯುನೊಗ್ಲೋಬ್ಯುಲಿನ್ ಕೂಡ ಬೇಕಾಗುತ್ತದೆ. ರೇಬಿಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಚಿಕಿತ್ಸೆ ಫಲಿಸುವುದಿಲ್ಲ. ಗೊತ್ತಿಲ್ಲದ ಮರಿಯನ್ನು ಮಕ್ಕಳ ಕೈಗೆ ಕೊಡುವ ಮುನ್ನ ಇದನ್ನು ನೆನಪಿಡಬೇಕು.

ಪಶು ಆಸ್ಪತ್ರೆಯಲ್ಲಿ

ಕೊಪ್ಪಳ, ಗಂಗಾವತಿ, ಕುಷ್ಟಗಿ ಮತ್ತು ಯಲಬುರ್ಗಾ ತಾಲೂಕು ಕೇಂದ್ರಗಳಲ್ಲಿ ಸರಕಾರಿ ಪಶು ಆಸ್ಪತ್ರೆಗಳಿವೆ. ಪಶುಪಾಲನಾ ಇಲಾಖೆಯ ಉಚಿತ ಸಹಾಯವಾಣಿ 1962. ಈ ಸಂಖ್ಯೆಯ ಸಂಚಾರಿ ಪಶು ಚಿಕಿತ್ಸಾ ವಾಹನಗಳು ಮುಖ್ಯವಾಗಿ ಜಾನುವಾರುಗಳಿಗಾಗಿ ಇವೆ. ಆದರೂ ಕರೆ ಮಾಡಿ ವಿಚಾರಿಸಿದರೆ ಹತ್ತಿರದ ಆಸ್ಪತ್ರೆಯ ಮಾಹಿತಿ ಪಡೆಯಬಹುದು. ಎಕ್ಸ್‌ರೇ ಅಥವಾ ಮೂಳೆ ಶಸ್ತ್ರಚಿಕಿತ್ಸೆ ಬೇಕಾದರೆ ದೊಡ್ಡ ಕೇಂದ್ರಕ್ಕೆ ಹೋಗಬೇಕಾಗಬಹುದು. ಬೀದರ್‌ನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಒಂದು ಕಾಲೇಜು ಪಕ್ಕದ ಗದಗದಲ್ಲಿದೆ. ಅಂಥ ಕಡೆ ಯಾವ ಸೌಲಭ್ಯವಿದೆ ಎಂದು ಮೊದಲೇ ಫೋನ್‌ನಲ್ಲಿ ಕೇಳಿಕೊಂಡು ಹೊರಡುವುದು ಒಳ್ಳೆಯದು. ಪೆಟ್ಟಾದ ಮರಿಗೆ ಪ್ರಯಾಣವೂ ಒಂದು ಹಿಂಸೆಯೇ.

ವೈದ್ಯರನ್ನು ಕೇಳಬೇಕಾದ ಪ್ರಶ್ನೆಗಳು ಇವು: ಮುರಿದದ್ದು ಯಾವುದು? ಕಾಲಿನ ಬೆರಳನ್ನು ಬಲವಾಗಿ ಒತ್ತಿದಾಗ ಮರಿಗೆ ನೋವು ಗೊತ್ತಾಗುತ್ತದೆಯೇ? ಮೂತ್ರ ತಾನಾಗಿ ಬರುತ್ತಿದೆಯೇ? ಈ ಪೈಕಿ ಎರಡನೆಯದು ಬಹಳ ಮುಖ್ಯ. ಒತ್ತಿದಾಗ ಕಾಲು ಹಿಂದಕ್ಕೆ ಸರಿದರೆ ಮಾತ್ರ ಸಾಲದು, ಅದು ಬರೀ ಪ್ರತಿಕ್ರಿಯೆ ಇರಬಹುದು. ಮರಿ ತಿರುಗಿ ನೋಡಿದರೆ, ಕೂಗಿದರೆ ನೋವಿನ ಅರಿವಿದೆ ಎಂದರ್ಥ. ಅರಿವು ಉಳಿದಿದ್ದರೆ ಮತ್ತೆ ನಡೆಯುವ ಭರವಸೆ ಹೆಚ್ಚು. ಬೆನ್ನುಮೂಳೆ ಮುರಿದು ಅರಿವೂ ಹೋಗಿದ್ದರೆ ಭರವಸೆ ಕಡಿಮೆ.

ಹೊಸ ಮರಿಯನ್ನು ಮನೆಯ ಬೇರೆ ನಾಯಿಗಳಿಂದ ಕನಿಷ್ಠ ಎರಡು ವಾರ ದೂರವಿಡಬೇಕು. ಪಾರ್ವೊ, ಡಿಸ್ಟೆಂಪರ್ ಒಳಗೇ ಬೆಳೆಯುತ್ತಿರಬಹುದು. ಜಂತುಹುಳುವಿನ ಔಷಧಿ 2 ವಾರದ ವಯಸ್ಸಿನಿಂದಲೇ ಶುರುವಾಗುತ್ತದೆ. ಡಿಸ್ಟೆಂಪರ್, ಪಾರ್ವೊ ಲಸಿಕೆ 6ರಿಂದ 8 ವಾರಕ್ಕೆ ಆರಂಭವಾಗಿ 16 ವಾರದವರೆಗೆ ಅಂತರ ಬಿಟ್ಟು ಮುಂದುವರಿಯುತ್ತದೆ. ರೇಬಿಸ್ ಲಸಿಕೆ 3 ತಿಂಗಳಿಗೆ.

ಆಹಾರ

ನಾಲ್ಕು ವಾರದೊಳಗಿನ ಮರಿಗೆ ಹಸುವಿನ ಹಾಲು ಸರಿಹೋಗುವುದಿಲ್ಲ. ನಾಯಿಯ ಹಾಲಿನಲ್ಲಿ ಕೊಬ್ಬು, ಪ್ರೋಟೀನ್ ಹೆಚ್ಚು, ಲ್ಯಾಕ್ಟೋಸ್ ಕಡಿಮೆ. ಹಸುವಿನ ಹಾಲಿನಿಂದ ಭೇದಿಯಾಗಿ ಮರಿ ಸೊರಗುತ್ತದೆ. ಮರಿಗಳಿಗಾಗಿಯೇ ಇರುವ ಹಾಲಿನ ಪುಡಿ ಬಳಸಬೇಕು. ಕುಡಿಸುವಾಗ ಮರಿ ಹೊಟ್ಟೆಯ ಮೇಲೆ ಮಲಗಿರಬೇಕು. ಕೂಸಿನಂತೆ ಅಂಗಾತ ಮಲಗಿಸಿದರೆ ಹಾಲು ಶ್ವಾಸಕೋಶ ಸೇರುತ್ತದೆ. ಮೊದಲ ಎರಡು ವಾರ ಎರಡು-ಮೂರು ಗಂಟೆಗೊಮ್ಮೆ ಕುಡಿಸಬೇಕು, ರಾತ್ರಿಯೂ ಸಹ. ರಾತ್ರಿಭೋಜನ ತ್ಯಾಗ ಪಾಲಿಸುವ ಮನೆಯವರು ಇದನ್ನು ಮೊದಲೇ ಯೋಚಿಸಬೇಕು. ನೇಮ ಮನೆಯವರದು, ಎಳೆಯ ಮರಿಯ ಹಸಿವು ಗಂಟೆ ನೋಡುವುದಿಲ್ಲ.

ನಾಲ್ಕು ವಾರ ದಾಟಿದ ಮರಿಗೆ ಮೆತ್ತಗಿನ ಅನ್ನ, ಬೇಯಿಸಿದ ಹೆಸರುಬೇಳೆ, ಸ್ವಲ್ಪ ಮೊಸರು, ಪನೀರ್, ಕುಂಬಳಕಾಯಿ ಕೊಡಬಹುದು. ನಾಯಿ ಬೆಕ್ಕಿನಂತಲ್ಲ, ಸರಿಯಾಗಿ ಹೊಂದಿಸಿದ ಸಸ್ಯಾಹಾರದಲ್ಲಿ ಬದುಕಬಲ್ಲದು. ಆದರೆ ‘ಸರಿಯಾಗಿ ಹೊಂದಿಸಿದ’ ಎಂಬ ಮಾತು ಮುಖ್ಯ. ಬೆಳೆಯುವ ಮರಿಗೆ ಚಪಾತಿ-ಹಾಲು ಸಾಲದು. ಕ್ಯಾಲ್ಸಿಯಂ, ವಿಟಮಿನ್ ಎಷ್ಟು ಸೇರಿಸಬೇಕೆಂದು ವೈದ್ಯರು ಹೇಳಬೇಕು. ಮರಿಗಳಿಗಾಗಿ ತಯಾರಾದ ಸಸ್ಯಾಹಾರಿ ಸಿದ್ಧ ಆಹಾರವೂ ಸಿಗುತ್ತದೆ. ಮುರಿದ ಮೂಳೆ ಕೂಡಬೇಕಾದ ಹಂತದಲ್ಲಿ ವೈದ್ಯರು ಬೇರೆ ಆಹಾರ ಸೂಚಿಸಿ, ಅದು ಮನೆಯ ನೇಮಕ್ಕೆ ಹೊಂದದಿದ್ದರೆ ಆ ಅವಧಿಗೆ ಮರಿಯನ್ನು ಬೇರೆ ಪಾಲಕರಿಗೆ ಒಪ್ಪಿಸುವುದು ಪ್ರಾಮಾಣಿಕ ದಾರಿ. ಮರಿಯನ್ನು ಅರೆಹೊಟ್ಟೆಯಲ್ಲಿಟ್ಟು ನೇಮ ಉಳಿಸಿಕೊಂಡರೆ ಅಹಿಂಸೆಗೇ ಊನ ಬರುತ್ತದೆ.

ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್ ನಾಯಿಗಳಿಗೆ ವಿಷ. ಮೊದಲೆರಡು ಜೈನ ಅಡುಗೆಮನೆಯಲ್ಲಿ ಇರದಿರುವುದು ಇಲ್ಲಿ ಅನುಕೂಲವೇ ಆಯಿತು.

ದಿನನಿತ್ಯದ ಆರೈಕೆ

ಹಿಂಗಾಲು ಬಿದ್ದ ಮರಿಯ ಪಾಲನೆಯಲ್ಲಿ ಅತಿ ಕಷ್ಟದ ಕೆಲಸ ಮೂತ್ರ ಖಾಲಿ ಮಾಡಿಸುವುದು. ಮೂತ್ರಕೋಶ ತಾನಾಗಿ ಖಾಲಿಯಾಗದ ಮರಿಗೆ ದಿನಕ್ಕೆ ಮೂರು-ನಾಲ್ಕು ಬಾರಿ ಹೊಟ್ಟೆಯ ಹಿಂಭಾಗವನ್ನು ಎರಡೂ ಕೈಗಳಿಂದ ಹದವಾಗಿ ಒತ್ತಿ ಮೂತ್ರ ಹೊರಡಿಸಬೇಕು. ಇದನ್ನು ವೈದ್ಯರ ಎದುರು ಮಾಡಿ ಕಲಿಯಬೇಕು, ಓದಿ ಕಲಿಯುವಂಥದ್ದಲ್ಲ. ಹನಿಹನಿಯಾಗಿ ಸೋರುತ್ತಿದ್ದರೆ ಸರಿಯಾಗಿದೆ ಎಂದಲ್ಲ, ತುಂಬಿ ತುಳುಕುತ್ತಿರಬಹುದು. ಮೂತ್ರ ಮಬ್ಬಾದರೆ, ಕೆಟ್ಟ ವಾಸನೆ ಬಂದರೆ, ರಕ್ತ ಕಂಡರೆ ಸೋಂಕಿದೆ ಎಂದು ತಿಳಿದು ಆಸ್ಪತ್ರೆಗೆ ಹೋಗಬೇಕು.

ಎರಡನೆಯದು ಹುಣ್ಣು. ಒಂದೇ ಮಗ್ಗುಲಲ್ಲಿ ಮಲಗಿದ ಮರಿಗೆ ಸೊಂಟ, ಭುಜದ ಮೂಳೆಯ ಜಾಗದಲ್ಲಿ ಹುಣ್ಣಾಗುತ್ತದೆ. ಮೆತ್ತನೆಯ ಹಾಸಿಗೆ ಹಾಕಿ ಎರಡು-ನಾಲ್ಕು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಹಾಸು ಒದ್ದೆಯಾದ ಕೂಡಲೇ ಬದಲಾಯಿಸಬೇಕು. ತೆವಳುವ ಮರಿಯ ಕಾಲು ಸಿಮೆಂಟ್ ನೆಲಕ್ಕೆ ಉಜ್ಜಿ ಗಾಯವಾಗುತ್ತದೆ, ಅದಕ್ಕೆ ದಪ್ಪ ಬಟ್ಟೆಯ ಚೀಲ ಹೊಲಿದು ಹಿಂಭಾಗಕ್ಕೆ ತೊಡಿಸಬಹುದು.

ಉಣ್ಣೆ, ಚಿಗಟಗಳು ಎಳೆಯ ಮರಿಯ ರಕ್ತ ಹೀರಿ ಪ್ರಾಣಕ್ಕೇ ಕುತ್ತು ತರಬಲ್ಲವು. ಹಾಸಿಗೆ ಬಿಸಿಲಿಗೆ ಹಾಕಿ, ಜಾಗ ಸ್ವಚ್ಛವಾಗಿಟ್ಟು ಅವು ಹತ್ತದಂತೆ ನೋಡಿಕೊಳ್ಳುವುದೇ ಎಲ್ಲಕ್ಕಿಂತ ಉತ್ತಮ.

ವ್ಯಾಯಾಮ ಮತ್ತು ಗಾಲಿಗಾಡಿ

ಮೂಳೆ ಕೂಡಿದೆ ಎಂದು ವೈದ್ಯರು ಹೇಳಿದ ಮೇಲೆ ವ್ಯಾಯಾಮ ಶುರು ಮಾಡಬೇಕು. ದಿನಕ್ಕೆ ಎರಡು-ಮೂರು ಬಾರಿ ಪ್ರತಿ ಕೀಲನ್ನು ಹತ್ತು-ಹದಿನೈದು ಸಲ ಮೆಲ್ಲಗೆ ಮಡಿಸಿ ಬಿಡಿಸಬೇಕು. ಹೊಟ್ಟೆಯ ಕೆಳಗೆ ಟವೆಲ್ ಹಾಕಿ ಎತ್ತಿ ಹಿಡಿದು ನಿಲ್ಲಿಸಬೇಕು. ಟಬ್‌ನಲ್ಲಿ ಉಗುರುಬೆಚ್ಚಗಿನ ನೀರು ಹಾಕಿ, ಕೈಯಾಸರೆಯಲ್ಲಿ ಕಾಲಾಡಿಸಲು ಬಿಡಬಹುದು. ಸುಧಾರಣೆ ವಾರಗಳ ಲೆಕ್ಕದಲ್ಲಿ ಕಾಣುತ್ತದೆ. ಬಾಲ ಅಲ್ಲಾಡುವುದು, ಪಾದ ನೆಟ್ಟಗೆ ಊರುವುದು ಮೊದಲ ಸೂಚನೆಗಳು.

ಹಿಂಗಾಲು ಮರಳಿ ಬರದಿದ್ದರೆ ಗಾಲಿಗಾಡಿ ಇದೆ. ಪಿವಿಸಿ ಪೈಪ್, ಹಗುರ ಗಾಲಿ, ಮೆತ್ತನೆಯ ಪಟ್ಟಿಗಳಿಂದ ಇದನ್ನು ಸ್ಥಳೀಯವಾಗಿಯೇ ಮಾಡಿಸಬಹುದು. ಭುಜದಿಂದ ಬಾಲದ ಬುಡದವರೆಗಿನ ಉದ್ದ, ಸೊಂಟದ ಅಗಲ, ನೆಲದಿಂದ ಹೊಟ್ಟೆಯ ಎತ್ತರ ಈ ಮೂರು ಅಳತೆ ಬೇಕು. ಮರಿ ಬೆಳೆಯುವುದರಿಂದ ಕೆಲವು ವಾರಗಳಿಗೊಮ್ಮೆ ಅಳತೆ ಬದಲಿಸಬೇಕು. ಮೊದಲಿಗೆ 10-15 ನಿಮಿಷ ಸಾಕು. ಗಾಡಿ ಕಟ್ಟಿದ ಮರಿಯನ್ನು ಒಂಟಿಯಾಗಿ ಬಿಡಬಾರದು, ಅದು ಮಲಗಲಾರದು.

ಒಂದು ಕಾಲು ತೆಗೆಯಬೇಕಾಗಿ ಬಂದರೆ ಎದೆಗುಂದಬೇಕಿಲ್ಲ. ನಾಯಿಗಳು ಮೂರು ಕಾಲಲ್ಲಿ ಬೇಗ ಹೊಂದಿಕೊಂಡು ಓಡುತ್ತವೆ. ಬೆಂಗಳೂರಿನ ಚಾರ್ಲೀಸ್ ಅನಿಮಲ್ ರೆಸ್ಕ್ಯೂ ಸೆಂಟರ್ ಹೆಸರು ಪಡೆದಿರುವುದೇ ಚಾರ್ಲಿ ಎಂಬ ಮೂರು ಕಾಲಿನ ನಾಯಿಯಿಂದ. ಕುರುಡು ಮರಿಗೆ ಊಟದ ಬಟ್ಟಲು, ಹಾಸಿಗೆ ಒಂದೇ ಜಾಗದಲ್ಲಿದ್ದರೆ ಸಾಕು, ಮನೆಯನ್ನು ಮೂಗು-ಕಿವಿಯಿಂದಲೇ ಅರಿಯುತ್ತದೆ.

ದಯಾಮರಣದ ಪ್ರಶ್ನೆ

ನಡೆಯದ ಮರಿಯನ್ನು ಕಂಡ ಕೂಡಲೇ ‘ಇಂಜೆಕ್ಷನ್ ಕೊಡಿಸಿ ಮುಗಿಸಿಬಿಡಿ’ ಎನ್ನುವವರಿದ್ದಾರೆ. ಪ್ರಾಣಿ ಜನನ ನಿಯಂತ್ರಣ ನಿಯಮಗಳು ಗುಣವಾಗದ ರೋಗವಿರುವ, ಮಾರಣಾಂತಿಕವಾಗಿ ಗಾಯಗೊಂಡ ನಾಯಿಗೆ ಮಾತ್ರ, ವೈದ್ಯರ ನಿರ್ಣಯದ ಮೇಲೆ ಇದಕ್ಕೆ ಅವಕಾಶ ಕೊಡುತ್ತವೆ. ಕಾಲಿಲ್ಲದಿರುವುದು ಮಾರಣಾಂತಿಕವಲ್ಲ. ಉಣ್ಣುವ, ಬಾಲ ಅಲ್ಲಾಡಿಸುವ, ಕರೆದರೆ ತೆವಳಿಕೊಂಡು ಬರುವ ಮರಿಗೆ ಬದುಕುವ ಇಚ್ಛೆ ಇದೆ. ಜೈನ ದೃಷ್ಟಿಯಲ್ಲಿ ಪ್ರತಿ ಜೀವಿಯೂ ಬದುಕಲು ಬಯಸುತ್ತದೆ, ಆ ಬಯಕೆಯನ್ನು ಇನ್ನೊಬ್ಬರು ನಿರ್ಧರಿಸಿ ಕೊನೆಗಾಣಿಸುವುದು ಸಲ್ಲದು. ಉಳಿಯಲಾರದ ಮರಿಯ ವಿಷಯದಲ್ಲೂ ಮಾಡಬಹುದಾದದ್ದು ಬಹಳವಿದೆ: ವೈದ್ಯರಿಂದ ನೋವಿನ ಔಷಧಿ, ಬೆಚ್ಚನೆಯ ಜಾಗ, ಬಾಯಿಗೆ ನೀರು, ಪಕ್ಕದಲ್ಲೊಬ್ಬರು. ಆದರೆ ಕೊಲ್ಲಿಸಲಿಲ್ಲ ಎಂಬ ಸಮಾಧಾನದಲ್ಲಿ ನೋವಿಗೆ ಔಷಧಿ ಕೊಡಿಸದೆ ಮೂಲೆಯಲ್ಲಿ ಬಿಡುವುದು ದಯೆಯಲ್ಲ.

ಕಾನೂನು

ಜೀವಿಗಳ ಬಗ್ಗೆ ಕರುಣೆ ತೋರುವುದು ಸಂವಿಧಾನದ 51ಎ(ಜಿ) ವಿಧಿಯಂತೆ ನಾಗರಿಕರ ಮೂಲಭೂತ ಕರ್ತವ್ಯ. ಪ್ರಾಣಿ ಹಿಂಸೆ ತಡೆ ಕಾಯ್ದೆ, 1960ರ 11ನೇ ಕಲಮಿನಡಿ ಪ್ರಾಣಿಯನ್ನು ಹೊಡೆಯುವುದಷ್ಟೇ ಅಲ್ಲ, ಹಸಿವು-ಬಾಯಾರಿಕೆಯಿಂದ ನರಳುವಂಥ ಸ್ಥಿತಿಯಲ್ಲಿ ಬಿಟ್ಟುಹೋಗುವುದೂ ಅಪರಾಧ. ಸಾಕಿಕೊಂಡ ಅಂಗವಿಕಲ ಮರಿಯನ್ನು ಬೇಸರವಾಯಿತೆಂದು ರಸ್ತೆಗೆ ಬಿಡುವವರು ಇದನ್ನು ಅರಿಯಬೇಕು. ಮೊದಲ ಅಪರಾಧಕ್ಕೆ ದಂಡ 10ರಿಂದ 50 ರೂಪಾಯಿ ಮಾತ್ರ ಎಂಬುದು ಕಾಯ್ದೆಯ ದೌರ್ಬಲ್ಯ. ಪ್ರಾಣಿಯನ್ನು ಕೊಲ್ಲುವುದು, ವಿಷ ಹಾಕುವುದು, ಅಂಗಹೀನ ಮಾಡುವುದಕ್ಕೆ ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಮಿನಡಿ 5 ವರ್ಷದವರೆಗೆ ಸೆರೆವಾಸ ವಿಧಿಸಬಹುದು.

2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳ ಪ್ರಕಾರ ಬೀದಿ ನಾಯಿಗಳ ಸಂತಾನಹರಣ ಮತ್ತು ಲಸಿಕೆ ಸ್ಥಳೀಯ ಸಂಸ್ಥೆಯ ಹೊಣೆ. ಕೊಪ್ಪಳ, ಗಂಗಾವತಿಯಲ್ಲಿ ನಗರಸಭೆ, ಕುಷ್ಟಗಿಯಲ್ಲಿ ಪುರಸಭೆ, ಯಲಬುರ್ಗಾದಲ್ಲಿ ಪಟ್ಟಣ ಪಂಚಾಯಿತಿಗೆ ಮನವಿ ಕೊಡಬೇಕು. ಸುಪ್ರೀಂ ಕೋರ್ಟ್ 2025ರ ಆಗಸ್ಟ್ 22ರ ಆದೇಶದಲ್ಲಿ ಬೀದಿ ನಾಯಿಗಳನ್ನು ದತ್ತು ಪಡೆಯಲು ಅವಕಾಶ ನೀಡಿ, ದತ್ತು ಪಡೆದ ನಾಯಿ ಮತ್ತೆ ಬೀದಿಗೆ ಬರದಂತೆ ನೋಡಿಕೊಳ್ಳುವ ಹೊಣೆಯನ್ನು ದತ್ತು ಪಡೆದವರ ಮೇಲಿಟ್ಟಿದೆ.

ಪರಂಪರೆಯಲ್ಲಿ ನಾಯಿ

ಪ್ರಾಚೀನ ಕಾಲದಲ್ಲಿ ಕೊಪಣವೆಂದು ಹೆಸರಾಗಿದ್ದ ಕೊಪ್ಪಳ ಜೈನರ ಮಹಾತೀರ್ಥ. ಜೈನ ಕಥೆಗಳಲ್ಲಿ ನಾಯಿಗೊಂದು ಗೌರವದ ಸ್ಥಾನವಿದೆ. ವಾದೀಭಸಿಂಹನ ಸಂಸ್ಕೃತ ಕ್ಷತ್ರಚೂಡಾಮಣಿ ಹೇಳುವ, 1424ರಲ್ಲಿ ಭಾಸ್ಕರ ಕವಿ ಕನ್ನಡದಲ್ಲಿ ರಚಿಸಿದ ಜೀವಂಧರ ಚರಿತೆಯ ವಸ್ತುವಾದ ಕಥೆಯಲ್ಲಿ, ಯಜ್ಞದ ಅನ್ನವನ್ನು ಮುಟ್ಟಿತೆಂದು ಏಟು ತಿಂದು ಸಾಯುತ್ತಿದ್ದ ನಾಯಿಯೊಂದನ್ನು ರಾಜಕುಮಾರ ಜೀವಂಧರ ಕಾಣುತ್ತಾನೆ. ಉಳಿಸಲಾಗದಾಗ ಅದರ ಕಿವಿಯಲ್ಲಿ ಪಂಚನಮಸ್ಕಾರ ಮಂತ್ರ ಹೇಳುತ್ತಾನೆ. ಆ ನಾಯಿ ಸುದರ್ಶನನೆಂಬ ಯಕ್ಷನಾಗಿ ಹುಟ್ಟಿ ಮುಂದೆ ಅವನ ಕಷ್ಟಕಾಲದಲ್ಲಿ ನೆರವಾಗುತ್ತದೆ.

ಇತಿಹಾಸದಲ್ಲೂ ಉದಾಹರಣೆಯಿದೆ. 1832ರಲ್ಲಿ ಮುಂಬೈಯ ಬ್ರಿಟಿಷ್ ಪೊಲೀಸರು ಬೀದಿ ನಾಯಿಗಳನ್ನು ಕೊಲ್ಲಿಸತೊಡಗಿದಾಗ ಪಾರ್ಸಿಗಳು ಪ್ರತಿಭಟಿಸಿದರು, ಅವರೊಡನೆ ಜೈನರೂ ಹಿಂದೂಗಳೂ ಸೇರಿದರು. ಅದರ ಬೆನ್ನಲ್ಲೇ 1834ರಲ್ಲಿ ಪಾರ್ಸಿ ವರ್ತಕ ಜಮ್‌ಸೇಟ್ಜಿ ಜೀಜೀಭಾಯ್ ಹಾಗೂ ಜೈನ ವರ್ತಕ ಮೋತಿಚಂದ್ ಅಮೀಚಂದ್ ಮುಂತಾದವರ ನೆರವಿನಿಂದ ಮುಂಬೈ ಪಾಂಜರಾಪೋಳ ಆರಂಭವಾಯಿತು.

ಹೊಣೆ ಹಂಚಿಕೊಳ್ಳುವುದು

ಅಂಗವಿಕಲ ಮರಿಯ ಪಾಲನೆ ಒಬ್ಬರಿಂದ ಆಗುವ ಕೆಲಸವಲ್ಲ. ಐದಾರು ಮನೆಗಳು ಸೇರಿದರೆ ಸುಲಭ. ಒಬ್ಬರ ಮನೆಯಲ್ಲಿ ಜಾಗ, ಇನ್ನೊಬ್ಬರಿಂದ ಔಷಧಿಯ ಖರ್ಚು, ಮತ್ತೊಬ್ಬರಿಂದ ಆಸ್ಪತ್ರೆಗೆ ವಾಹನ, ಬೆಳಗ್ಗೆ-ಸಂಜೆ ಮೂತ್ರ ಮಾಡಿಸಲು ಕಲಿತ ಕನಿಷ್ಠ ಇಬ್ಬರು. ಹಬ್ಬ, ಯಾತ್ರೆ, ಮದುವೆಗೆ ಮನೆಯವರೆಲ್ಲ ಊರಿಗೆ ಹೋದಾಗ ಮರಿ ಯಾರ ಬಳಿ ಎಂಬುದೂ ಮೊದಲೇ ಗೊತ್ತಿರಬೇಕು. ಲಸಿಕೆ, ಔಷಧಿ, ತೂಕ ಬರೆದಿಡುವ ಒಂದು ನೋಟ್‌ಬುಕ್ ಮರಿಯ ಜೊತೆಗೇ ಇರಲಿ. ದತ್ತು ಕೊಡುವಾಗ ವೈಕಲ್ಯವನ್ನು ಮುಚ್ಚಿಡದೆ, ದಿನದ ಕೆಲಸವನ್ನೆಲ್ಲ ಎರಡು-ಮೂರು ದಿನ ಜೊತೆಗಿದ್ದು ತೋರಿಸಿಕೊಡಬೇಕು.

ಆಹಾರ, ಔಷಧ, ಅಭಯ, ಶಾಸ್ತ್ರ ಎಂದು ಶ್ರಾವಕರ ದಾನ ನಾಲ್ಕು ಬಗೆ. ರಸ್ತೆಯಿಂದ ಮರಿಯನ್ನು ಎತ್ತಿಕೊಂಡಾಗ ಕೊಟ್ಟದ್ದು ಅಭಯ. ಮರುದಿನದ ಗಂಜಿ, ಮಧ್ಯಾಹ್ನದ ಮಾತ್ರೆ, ರಾತ್ರಿ ಎದ್ದು ಮಗ್ಗುಲು ಬದಲಿಸಿದ ಕೈ ಇವೆಲ್ಲ ಸೇರಿದಾಗ ಮಾತ್ರ ಆ ಅಭಯ ನಿಜವಾಗುತ್ತದೆ.